ಕಾನ್ವೆಂಟಿನ ಫೀಸು ಕಟ್ಟಿದವರು ಯಾರು?

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆಗಿಹೋದವು. ರಿಲೀಸು, ಬಗ್ಗು, ಮತ್ತೆ ರಿಲೀಸು... ನಿಮಗೆಲ್ಲ ಗೊತ್ತಿರೋದೇ :-) ಈ ಸಲದ್ದು ಸ್ವಲ್ಪ ಉದ್ದದ ಬರಹ. ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ.

ನಮ್ಮ ಕಡೆ "ಕಾನ್ವೆಂಟು" ಅಂದರೆ ಇಂಗ್ಲಿಷ್ ಮೀಡಿಯಂ ಶಾಲೆ. ಟೈ, ಬೂಟು, ವ್ಯಾನು, ಡೊನೇಷನ್ನು. ಶಾಲೆಯ ಹೆಸರಿನಲ್ಲಿ ಶಾರದೆಯೋ ವಿವೇಕಾನಂದರೋ ಇದ್ದರೂ ಊರವರ ಬಾಯಲ್ಲಿ ಅದು ಕಾನ್ವೆಂಟೇ. "ಮಗೂನ ಕಾನ್ವೆಂಟಿಗೆ ಹಾಕಿದೀವಿ" ಅಂತ ಯಾರಾದರೂ ಹೇಳಿದರೆ, ಕೇಳಿದವರು ಮೊದಲು ಲೆಕ್ಕ ಹಾಕೋದು ಫೀಸು ಎಷ್ಟಿರಬಹುದು ಅಂತ. ಆದರೆ ಆ ಪದಕ್ಕೆ ನಿಜಕ್ಕೂ ಶಾಲೆ ಅನ್ನೋ ಅರ್ಥವೇ ಇಲ್ಲ. ಕಾನ್ವೆಂಟ್ ಅಂದರೆ ಕ್ರೈಸ್ತ ಸನ್ಯಾಸಿನಿಯರು ಒಟ್ಟಿಗೆ ವಾಸ ಮಾಡುವ ಮನೆ. ಅವರು ನಡೆಸುತ್ತಿದ್ದ ಶಾಲೆ ಆ ಮನೆಯ ಪಕ್ಕದಲ್ಲಿರುತ್ತಿತ್ತು, ಮನೆಯ ಹೆಸರು ಶಾಲೆಗೆ ಅಂಟಿಕೊಂಡಿತು, ಅಷ್ಟೇ.

ಈ ಪದದ ಹಿಂದೆ ನಾನು ಬಿದ್ದದ್ದು ಆಫೀಸಿನ ಒಂದು ಕಾಲ್‌ನಿಂದ. ಮ್ಯಾನೇಜರು ಬರುವುದು ತಡವಾಗಿ, ಅಮೆರಿಕದ ಕಡೆಯ ಸಹೋದ್ಯೋಗಿಯೊಬ್ಬರು ಹಾಗೇ ಮಾತಿಗೆ ಸಿಕ್ಕರು. ವಯಸ್ಸಿನಲ್ಲಿ ನಮ್ಮಮ್ಮನಿಗಿಂತ ದೊಡ್ಡವರು. ಚಿಕಾಗೋದಲ್ಲಿ ಬಡ ಮನೆಯ ಒಂಬತ್ತು ಮಕ್ಕಳಲ್ಲಿ ಒಬ್ಬರಂತೆ, ಎಲ್ಲರೂ ಓದಿದ್ದು ಕ್ಯಾಥೊಲಿಕ್ ಖಾಸಗಿ ಶಾಲೆಯಲ್ಲಂತೆ. "ಒಂಬತ್ತು ಜನಕ್ಕೂ ಸ್ಕಾಲರ್‌ಶಿಪ್ಪಾ?" ಅಂದೆ. "ಸ್ಕಾಲರ್‌ಶಿಪ್ ಅನ್ನೋ ಪದಾನೇ ನಮಗೆ ಗೊತ್ತಿರಲಿಲ್ಲ, ಫೀಸೇ ಇರಲಿಲ್ಲ ಅನ್ನಬಹುದು" ಅಂದರು. ಅಷ್ಟರಲ್ಲಿ ಮ್ಯಾನೇಜರು ಬಂದರು, ಮಾತು ನಿಂತಿತು. ನನ್ನ ತಲೆಯಲ್ಲಿ ಮಾತ್ರ ಲೆಕ್ಕ ನಿಲ್ಲಲಿಲ್ಲ. ಸರ್ಕಾರದ ದುಡ್ಡಿಲ್ಲ, ಫೀಸಿಲ್ಲ, ಬಡವರ ಮಕ್ಕಳು. ಹಾಗಾದರೆ ಶಾಲೆ ನಡೆದದ್ದು ಯಾರ ದುಡ್ಡಲ್ಲಿ?

ಅದು ಸಣ್ಣ ಪ್ರಮಾಣದ ವ್ಯವಸ್ಥೆಯೇನೂ ಅಲ್ಲ. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಸುಮಾರು 52 ಲಕ್ಷ ಮಕ್ಕಳು ಓದುತ್ತಿದ್ದರು. ಶಾಲೆಗಳ ಸಂಖ್ಯೆ ಸುಮಾರು 13,000. ನ್ಯೂಯಾರ್ಕ್, ಚಿಕಾಗೋ, ಫಿಲಡೆಲ್ಫಿಯಾ, ಬಾಸ್ಟನ್‌ನಂಥ ನಗರಗಳಲ್ಲಂತೂ ಕೇರಿಗೊಂದು.

ಕತೆ ಶುರುವಾಗೋದು ಒಂದು ಜಗಳದಿಂದ. 1840ರ ನ್ಯೂಯಾರ್ಕಿನಲ್ಲಿ ಇವತ್ತಿನ ಹಾಗೆ ಸರ್ಕಾರಿ ಶಾಲೆಗಳಿರಲಿಲ್ಲ. ಪಬ್ಲಿಕ್ ಸ್ಕೂಲ್ ಸೊಸೈಟಿ ಅನ್ನುವ ಖಾಸಗಿ ಸಂಘವೊಂದು ಸಾರ್ವಜನಿಕ ಹಣ ತೆಗೆದುಕೊಂಡು ಶಾಲೆಗಳನ್ನು ನಡೆಸುತ್ತಿತ್ತು. ಎಲ್ಲ ಮಕ್ಕಳಿಗೂ ಮುಕ್ತ ಅಂತ ಹೆಸರು. ಆದರೆ ಓದಿಸುತ್ತಿದ್ದದ್ದು ಪ್ರಾಟೆಸ್ಟೆಂಟರ ಬೈಬಲ್, ಪಠ್ಯಪುಸ್ತಕಗಳಲ್ಲಿ ಪೋಪ್‌ ಮತ್ತು ಕ್ಯಾಥೊಲಿಕ್ಕರನ್ನು ಹೀಯಾಳಿಸುವ ಸಾಲುಗಳು. ಐರ್ಲೆಂಡಿನಿಂದ ಬಂದಿಳಿದ ಬಡ ಕೂಲಿಕಾರರು ಮಕ್ಕಳನ್ನು ಅಲ್ಲಿಗೆ ಕಳಿಸಲು ಹಿಂಜರಿದರು. ಆಗ ಎದ್ದು ನಿಂತವರು ಬಿಷಪ್ ಜಾನ್ ಹ್ಯೂಸ್. ಅವರೂ ಐರ್ಲೆಂಡಿನಿಂದ ವಲಸೆ ಬಂದವರೇ. ಸೆಮಿನರಿಗೆ ಸೇರುವ ಮೊದಲು ಅಲ್ಲಿಯ ತೋಟದ ಕೆಲಸ ಮಾಡಿಕೊಂಡಿದ್ದ ಮನುಷ್ಯ! "ನಮ್ಮ ಜನರೂ ತೆರಿಗೆ ಕಟ್ಟುತ್ತಾರೆ, ಆ ಶಾಲಾ ನಿಧಿಯಲ್ಲಿ ನಮ್ಮ ಶಾಲೆಗಳಿಗೂ ಪಾಲು ಕೊಡಿ" ಅನ್ನೋದು ಅವರ ವಾದ. 1840ರ ಅಕ್ಟೋಬರಿನಲ್ಲಿ ನಗರ ಸಭೆಯ ಮುಂದೆ ಎರಡು ದಿನ ವಾದ ನಡೆಯಿತು. ಒಂದು ಕಡೆ ಹ್ಯೂಸ್ ಒಬ್ಬರೇ, ಎದುರಿಗೆ ವಕೀಲರು, ಪಾದ್ರಿಗಳ ಸಾಲು. 1841ರ ಜನವರಿಯಲ್ಲಿ ಸಭೆ ಅರ್ಜಿಯನ್ನು ತಳ್ಳಿಹಾಕಿತು.

ಹ್ಯೂಸ್ ರಾಜ್ಯ ಸರ್ಕಾರದ ತನಕ ಹೋದರು. 1842ರಲ್ಲಿ ಬಂದ ಕಾನೂನು ಆ ಸೊಸೈಟಿಯ ಏಕಸ್ವಾಮ್ಯವನ್ನು ಮುರಿದು ನಗರಕ್ಕೆ ಚುನಾಯಿತ ಶಿಕ್ಷಣ ಮಂಡಳಿಯನ್ನು ತಂದಿತು. ಆದರೆ ಜೊತೆಗೇ, ಯಾವ ಪಂಥದ ಬೋಧನೆ ಇರುವ ಶಾಲೆಗೂ ಸಾರ್ವಜನಿಕ ಹಣ ಇಲ್ಲ ಅಂತಲೂ ಆಯಿತು. ಅಂದರೆ ಎದುರಾಳಿಯೂ ಬಿದ್ದ, ತನಗೂ ದಕ್ಕಲಿಲ್ಲ. ಕಾನೂನಾದ ಮೇಲೆ ಗುಂಪೊಂದು ಬಿಷಪ್ಪರ ಮನೆಗೆ ಕಲ್ಲು ತೂರಿತು. ಎರಡು ವರ್ಷದ ನಂತರ, 1844ರಲ್ಲಿ, ಫಿಲಡೆಲ್ಫಿಯಾದಲ್ಲಿ ಶಾಲೆಯಲ್ಲಿ ಯಾವ ಬೈಬಲ್ ಓದಬೇಕು ಅನ್ನುವ ಜಗಳ ದೊಂಬಿಯಾಗಿ ಚರ್ಚುಗಳೇ ಸುಟ್ಟುಹೋದವು. (ಪಠ್ಯಪುಸ್ತಕದ ಜಗಳ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದರೆ...) 1875ರಲ್ಲಿ ಜೇಮ್ಸ್ ಬ್ಲೇನ್ ಅನ್ನುವ ರಾಜಕಾರಣಿ, ಧಾರ್ಮಿಕ ಶಾಲೆಗಳಿಗೆ ಸರ್ಕಾರದ ದುಡ್ಡು ಹೋಗದಂತೆ ಅಮೆರಿಕದ ಸಂವಿಧಾನಕ್ಕೇ ತಿದ್ದುಪಡಿ ತರಲು ಹೊರಟ. ಸೆನೆಟ್ಟಿನಲ್ಲಿ ಅದು ಬಿದ್ದುಹೋಯಿತು. ಆದರೆ ಅದೇ ಬಗೆಯ ವಿಧಿಗಳು ಒಂದೊಂದಾಗಿ ಹಲವು ರಾಜ್ಯಗಳ ಸಂವಿಧಾನಗಳಿಗೆ ಸೇರಿಕೊಂಡವು.

ಬಾಗಿಲು ಮುಚ್ಚಿದ್ದರಿಂದ ಕ್ಯಾಥೊಲಿಕ್ಕರು ತಮ್ಮದೇ ಮನೆ ಕಟ್ಟಿಕೊಂಡರು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಬಿಷಪ್ಪರು, ಪ್ರತಿ ಚರ್ಚಿನ ಹತ್ತಿರ ಎರಡು ವರ್ಷದೊಳಗೆ ಒಂದು ಶಾಲೆ ಏಳಬೇಕು ಅಂತ ನಿರ್ಣಯ ಮಾಡಿದರು. ಒಂದು ಚರ್ಚಿನ ವ್ಯಾಪ್ತಿಗೆ ಇಂಗ್ಲಿಷಿನಲ್ಲಿ ಪ್ಯಾರಿಷ್ ಅನ್ನುತ್ತಾರೆ, ನಮ್ಮ ಕ್ರೈಸ್ತ ಗೆಳೆಯರು ಧರ್ಮಕೇಂದ್ರ ಅನ್ನುತ್ತಾರೆ. ಈ ಧರ್ಮಕೇಂದ್ರದ ಶಾಲೆಯ ಖರ್ಚು ಇಡೀ ಧರ್ಮಕೇಂದ್ರದ್ದು. ಮಕ್ಕಳಿರಲಿ ಇಲ್ಲದಿರಲಿ, ಭಾನುವಾರದ ಕಾಣಿಕೆ ತಟ್ಟೆಗೆ ಎಲ್ಲರೂ ಹಾಕಬೇಕು. ಜೊತೆಗೆ ಜಾತ್ರೆ, ಲಾಟರಿ, ಆಮೇಲಾಮೇಲೆ ಬಿಂಗೋ ಆಟ. ಕಸಾಯಿಖಾನೆಯಲ್ಲಿ ದುಡಿವ ಪೋಲಿಷರು, ರಸ್ತೆ ಅಗೆಯುವ ಇಟಾಲಿಯನ್ನರು, ಬಂದರಿನ ಐರಿಷರು ಪೈಸೆ ಪೈಸೆ ಕೂಡಿಸಿ ಇಟ್ಟಿಗೆಯ ದೊಡ್ಡ ದೊಡ್ಡ ಶಾಲೆ ಎಬ್ಬಿಸಿದರು. ಫೀಸು ಇದ್ದರೂ ಹೆಸರಿಗೆ. ಮನೆಯಲ್ಲಿ ಮಕ್ಕಳು ಜಾಸ್ತಿ ಇದ್ದರೆ ಮೊದಲನೇ ಒಂದಿಬ್ಬರಿಗೆ ಕಟ್ಟಿದರೆ ಸಾಕು ಅನ್ನುವ ಪದ್ಧತಿ ಹಲವು ಕಡೆ ಇತ್ತು.

ಆದರೆ ಇಟ್ಟಿಗೆ ಒಂದೇ ಸಲದ ಖರ್ಚು. ಶಾಲೆ ನಡೆಸಿದವರಿಗೆ ಗೊತ್ತು, ದುಡ್ಡು ಸೋರೋದು ಸಂಬಳದಲ್ಲಿ. ಅಲ್ಲಿಗೇ ನಾನು ಹುಡುಕುತ್ತಿದ್ದ ಉತ್ತರ ಸಿಕ್ಕಿತು.

1950ರಲ್ಲಿ ಕ್ಯಾಥೊಲಿಕ್ ಶಾಲೆಗಳ ಶಿಕ್ಷಕರಲ್ಲಿ ಶೇಕಡಾ 90ರಷ್ಟು ಜನ ಸನ್ಯಾಸಿನಿಯರು, ಬ್ರದರ್‌ಗಳು, ಪಾದ್ರಿಗಳು. ಅದರಲ್ಲೂ ಬಹುಪಾಲು ಸನ್ಯಾಸಿನಿಯರು. ಬಡತನದ ವ್ರತ ತೊಟ್ಟವರು. ಧರ್ಮಕೇಂದ್ರ ಅವರ ಸಂಘಕ್ಕೆ ಕೊಡುತ್ತಿದ್ದದ್ದು ಸಂಬಳವಲ್ಲ, ಅನ್ನಬಟ್ಟೆಗಾಗುವಷ್ಟು ಭತ್ಯೆ. ಅದೂ ಸಿಸ್ಟರ್ ಕೈಗಲ್ಲ, ಕಾನ್ವೆಂಟಿಗೆ. ಅಲ್ಲಿಂದ ಒಂದು ಪಾಲು ತಾಯಿಮನೆಗೆ, ಅಂದರೆ ಸಂಘದ ಮುಖ್ಯ ಮಠಕ್ಕೆ. ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರ ತರಬೇತಿಯೂ ನಡೆಯಬೇಕು, ಮುದುಕಿಯರಾದ ಸಿಸ್ಟರ್‌ಗಳ ಆರೈಕೆಯೂ ಆಗಬೇಕು. ಒಂದು ತರಗತಿಯಲ್ಲಿ 60 ಮಕ್ಕಳು ಸಾಮಾನ್ಯ. ಬೆಳಗ್ಗೆ ಪ್ರಾರ್ಥನೆ, ಹಗಲೆಲ್ಲ ಪಾಠ, ಸಂಜೆ ಮಕ್ಕಳಿಗೆ ಹಾಡು, ಪಿಯಾನೋ, ರಾತ್ರಿ ಪುಸ್ತಕ ತಿದ್ದುವುದು. ಎಷ್ಟೋ ಜನ ಡಿಗ್ರಿ ಮುಗಿಸುವ ಮೊದಲೇ ತರಗತಿಗೆ ಬಂದವರು, ಪ್ರತಿ ಬೇಸಿಗೆ ರಜೆಯಲ್ಲಿ ಕಾಲೇಜಿಗೆ ಹೋಗಿ ಸ್ವಲ್ಪ ಸ್ವಲ್ಪವಾಗಿ ಬಿ.ಎ. ಮುಗಿಸುತ್ತಿದ್ದರು. "ಇಪ್ಪತ್ತು ವರ್ಷದ ಯೋಜನೆ" ಅಂತ ಅವರವರಲ್ಲೇ ಅದಕ್ಕೊಂದು ತಮಾಷೆಯ ಹೆಸರು. ಪಾಠಕ್ಕೆ ಕಳಿಸುವ ಮುಂಚೆ ಸಿಸ್ಟರ್‌ಗಳಿಗೆ ಸರಿಯಾದ ಶಿಕ್ಷಣ ಕೊಡಿ ಅಂತ ಹಟ ಹಿಡಿದು ಅವರೇ 1954ರಲ್ಲಿ ಒಂದು ಸಂಘಟನೆ ಮಾಡಿಕೊಂಡರು, ಸಿಸ್ಟರ್ ಫಾರ್ಮೇಷನ್ ಕಾನ್ಫರೆನ್ಸ್ ಅಂತ.

ನಮ್ಮ ಕ್ಷೇತ್ರದವರಿಗೆ ಇದು ಹೊಸದಲ್ಲ ಅನ್ನಿಸುತ್ತದೆ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳ ಸಾಫ್ಟ್‌ವೇರೆಲ್ಲ ಯಾರೋ ಒಬ್ಬ ರಾತ್ರಿ ನಿದ್ದೆಗೆಟ್ಟು ಪುಕ್ಕಟೆ ಬರೆದಿಟ್ಟ ಓಪನ್ ಸೋರ್ಸ್ ಲೈಬ್ರರಿಯ ಮೇಲೆ ನಿಂತಿರುತ್ತಲ್ಲ, ಹಾಗೆ. ಲೆಕ್ಕಪುಸ್ತಕದಲ್ಲಿ ಆ ಸಾಲು ಎಲ್ಲೂ ಇರೋದಿಲ್ಲ. ಅವನು ಬೇಸತ್ತು ಬಿಟ್ಟ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ. ಆ ಒಂಬತ್ತು ಮಕ್ಕಳಿಗೂ ಸ್ಕಾಲರ್‌ಶಿಪ್ ಇತ್ತು. ಕೊಡುತ್ತಿದ್ದವರು ಕಪ್ಪು ಬಿಳುಪು ಬಟ್ಟೆ ಹಾಕಿಕೊಂಡು ಅವರ ಎದುರಿಗೇ ಸೀಮೆಸುಣ್ಣ ಹಿಡಿದು ನಿಂತಿದ್ದರು. ಯಾರೂ ಅದನ್ನು ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೇ.

ನಿಜವಾದ ದೊಡ್ಡ ದುಡ್ಡು ಬಂದದ್ದೂ ಉಂಟು, ಅದೂ ಒಬ್ಬ ಸನ್ಯಾಸಿನಿಯ ಕೈಯಿಂದ. ಕ್ಯಾಥರೀನ್ ಡ್ರೆಕ್ಸೆಲ್ (1858-1955) ಫಿಲಡೆಲ್ಫಿಯಾದ ಭಾರೀ ಬ್ಯಾಂಕರ್ ಮಗಳು. ಕಪ್ಪು ಜನರ ಮಕ್ಕಳಿಗೆ ಎಷ್ಟೋ ಕ್ಯಾಥೊಲಿಕ್ ಶಾಲೆಗಳ ಬಾಗಿಲೂ ಮುಚ್ಚಿದ್ದ ಕಾಲ ಅದು. (ಹೌದು, ತಾವೇ ಕಲ್ಲೇಟು ತಿಂದವರು ಇನ್ನೊಬ್ಬರಿಗೆ ಬಾಗಿಲು ಹಾಕಿದರು. ಇದನ್ನು ಬಿಟ್ಟು ಬರೆದರೆ ಈ ಕತೆ ಸುಳ್ಳಾಗುತ್ತೆ.) ಕ್ಯಾಥರೀನ್ 1891ರಲ್ಲಿ ಕಪ್ಪು ಜನ ಮತ್ತು ಮೂಲನಿವಾಸಿಗಳಿಗಾಗಿಯೇ ಹೊಸ ಸನ್ಯಾಸಿನಿ ಸಂಘ ಕಟ್ಟಿದರು. ತಂದೆಯ ಆಸ್ತಿಯಿಂದ ಬಂದ ಸುಮಾರು 2 ಕೋಟಿ ಡಾಲರನ್ನು ಜೀವನದುದ್ದಕ್ಕೂ ಶಾಲೆಗಳಿಗೆ ಸುರಿದರು. ನ್ಯೂ ಆರ್ಲಿಯನ್ಸಿನ ಕ್ಸೇವಿಯರ್ ವಿಶ್ವವಿದ್ಯಾಲಯ ಅವರು ಕಟ್ಟಿದ್ದೇ. ಹೀಗೆ ಆದಾಯವನ್ನೆಲ್ಲ ದಾನ ಮಾಡುವವರಿಗೆ ತೆರಿಗೆ ಬೇಡ ಅಂತ 1924ರಲ್ಲಿ ಅಮೆರಿಕದ ಸಂಸತ್ತು ಒಂದು ವಿನಾಯಿತಿಯನ್ನೇ ಸೇರಿಸಿತು. ಅದಕ್ಕೆ "ಫಿಲಡೆಲ್ಫಿಯಾ ಸನ್ಯಾಸಿನಿಯ ವಿಧಿ" ಅಂತಲೇ ಹೆಸರು ಬಿತ್ತು.

ಆದರೆ ಅಪ್ಪನ ಉಯಿಲಿನಲ್ಲಿ ಒಂದು ಷರತ್ತಿತ್ತು. ಹೆಣ್ಣುಮಕ್ಕಳಿಗೆ ಸಿಗೋದು ಆಸ್ತಿಯ ಆದಾಯ ಮಾತ್ರ. ಮಕ್ಕಳಿಲ್ಲದೆ ಅವರು ತೀರಿಕೊಂಡರೆ ಅಸಲು ಅಪ್ಪ ಪಟ್ಟಿ ಮಾಡಿಟ್ಟ ಧರ್ಮಸಂಸ್ಥೆಗಳಿಗೆ. ಉಯಿಲು ಬರೆದಾಗ ಮಗಳ ಸಂಘ ಇನ್ನೂ ಹುಟ್ಟೇ ಇರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಅದಿಲ್ಲ! 1955ರಲ್ಲಿ 96ನೇ ವಯಸ್ಸಿನಲ್ಲಿ ಕ್ಯಾಥರೀನ್ ಕಣ್ಣು ಮುಚ್ಚಿದ ದಿನ ಆ ಶಾಲೆಗಳಿಗೆ ಬರುತ್ತಿದ್ದ ಹಣವೂ ನಿಂತಿತು. 2000ದಲ್ಲಿ ಚರ್ಚು ಅವರನ್ನು ಸಂತರೆಂದು ಘೋಷಿಸಿತು.

ಮಿಕ್ಕ ಶಾಲೆಗಳ ಕಷ್ಟ ಶುರುವಾಗಲು ಇನ್ನು ಹತ್ತೇ ವರ್ಷ ಬಾಕಿ ಇತ್ತು. 1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಸನ್ಯಾಸಿನಿಯರಿದ್ದರು. ಆಮೇಲೆ ಆ ಸಂಖ್ಯೆ ಇಳಿದದ್ದು ಇಳಿದದ್ದೇ, ಈಗ 40,000ಕ್ಕೂ ಕಡಿಮೆ. ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ಬದಲಾವಣೆಗಳು ಒಂದು ಕಾರಣ ಅಂತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ. ಓದಿದ ಹೆಣ್ಣುಮಗಳಿಗೆ ಮದುವೆ ಇಲ್ಲವೇ ಮಠ ಅನ್ನುವ ಕಾಲ ಮುಗಿದಿತ್ತು. ಶಾಲೆಯಲ್ಲಿ ಸಿಸ್ಟರ್ ಜಾಗಕ್ಕೆ ಸಾಮಾನ್ಯ ಟೀಚರ್ ಬಂದರು. ಅವರಿಗೆ ಮನೆ ಬಾಡಿಗೆ ಇದೆ, ಮಕ್ಕಳಿದ್ದಾರೆ, ಸಂಬಳ ಬೇಕು. 1970ರ ಹೊತ್ತಿಗೆ ಸನ್ಯಾಸಿ ಶಿಕ್ಷಕರ ಪಾಲು ಅರ್ಧಕ್ಕಿಂತ ಕೆಳಗೆ, 2000ದ ಹೊತ್ತಿಗೆ ಶೇಕಡಾ 7ರ ಆಸುಪಾಸು.

ಸರಿಯಾಗಿ ಅದೇ ಕಾಲಕ್ಕೆ ನಗರಗಳೂ ಬದಲಾದವು. ಕೈಗೆ ನಾಲ್ಕು ಕಾಸು ಬಂದ ಐರಿಷ್, ಇಟಾಲಿಯನ್ ಕುಟುಂಬಗಳು ಊರಾಚೆಯ ಬಡಾವಣೆಗಳಿಗೆ ಹೋದವು. ಅವರು ಬಿಟ್ಟ ಕೇರಿಗಳಿಗೆ ದಕ್ಷಿಣದಿಂದ ಕಪ್ಪು ಜನ, ಪೋರ್ಟೊ ರಿಕೊ, ಮೆಕ್ಸಿಕೋದವರು ಬಂದರು. ಅವರಲ್ಲಿ ಕ್ಯಾಥೊಲಿಕ್ಕರಲ್ಲದವರೂ ಬಹಳ. ಮಕ್ಕಳನ್ನು ಸೇರಿಸಿದ್ದು ಧರ್ಮಕ್ಕಲ್ಲ, ಶಿಸ್ತಿಗೆ, ಓದಿಗೆ. ಈಗ ನೋಡಿ ಲೆಕ್ಕ: ಕಾಣಿಕೆ ತಟ್ಟೆಗೆ ಹಾಕುವವರು ಕಡಿಮೆ, ಸಂಬಳದ ಖರ್ಚು ಹೆಚ್ಚು, ಮಕ್ಕಳು ಮೊದಲಿಗಿಂತಲೂ ಬಡವರು. ಫೀಸು ಏರಿತು. ಏರಿದ ಫೀಸು ಕಟ್ಟಲಾಗದವರು ಬಿಟ್ಟರು. ಶಾಲೆಗಳು ಸಾಲಾಗಿ ಮುಚ್ಚತೊಡಗಿದವು.

ಸರ್ಕಾರಗಳು ಸುಮ್ಮನೆ ಕೂರಲಿಲ್ಲ. ಈ ಮಕ್ಕಳೆಲ್ಲ ಒಟ್ಟಿಗೆ ಸರ್ಕಾರಿ ಶಾಲೆಗೆ ಬಂದರೆ ಖರ್ಚು ಯಾರ ತಲೆ ಮೇಲೆ ಅನ್ನೋದು ಅವಕ್ಕೂ ಗೊತ್ತಿತ್ತು. 1947ರಲ್ಲೇ ಸುಪ್ರೀಂ ಕೋರ್ಟು, ನ್ಯೂಜೆರ್ಸಿಯಲ್ಲಿ ಕ್ಯಾಥೊಲಿಕ್ ಶಾಲೆಯ ಮಕ್ಕಳ ಬಸ್ ಚಾರ್ಜನ್ನು ಪೋಷಕರಿಗೆ ವಾಪಸ್ ಕೊಟ್ಟರೆ ತಪ್ಪಿಲ್ಲ ಅಂತ 5-4ರಲ್ಲಿ ಹೇಳಿತ್ತು. ಆ ಧೈರ್ಯದ ಮೇಲೆ ಪೆನ್ಸಿಲ್ವೇನಿಯಾ ಮತ್ತು ರೋಡ್ ಐಲೆಂಡ್ ರಾಜ್ಯಗಳು ಶಿಕ್ಷಕರ ಸಂಬಳಕ್ಕೇ ಕೈ ಹಾಕಿದವು. ರೋಡ್ ಐಲೆಂಡಿನಲ್ಲಿ ಲೆಕ್ಕ, ವಿಜ್ಞಾನದಂಥ ಪಾಠ ಮಾಡುವ ಖಾಸಗಿ ಶಾಲಾ ಶಿಕ್ಷಕರಿಗೆ ಸಂಬಳದ ಮೇಲೆ ಶೇಕಡಾ 15ರ ತನಕ ಹೆಚ್ಚುವರಿ. ಅರ್ಜಿ ಹಾಕಿದ ಸುಮಾರು 250 ಜನರೂ ಕ್ಯಾಥೊಲಿಕ್ ಶಾಲೆಯವರೇ! 1971ರಲ್ಲಿ ಲೆಮನ್ ಪ್ರಕರಣದಲ್ಲಿ ಕೋರ್ಟು ಎರಡೂ ಕಾನೂನುಗಳನ್ನು ರದ್ದು ಮಾಡಿತು. ಧರ್ಮದ ಪಾಠ ಎಲ್ಲಿ ಮುಗಿದು ಲೆಕ್ಕದ ಪಾಠ ಎಲ್ಲಿ ಶುರುವಾಗುತ್ತೆ ಅಂತ ಸರ್ಕಾರ ತರಗತಿಯಲ್ಲಿ ಕಾವಲು ಕೂರಬೇಕಾಗುತ್ತೆ, ಅದು ಬೇಡ ಅನ್ನೋದು ಒಂದು ಮುಖ್ಯ ಕಾರಣ. ನ್ಯೂಯಾರ್ಕ್ ಇನ್ನೊಂದು ದಾರಿ ಹಿಡಿಯಿತು. ಶಾಲೆಗೆ ಬೇಡ, ವರ್ಷಕ್ಕೆ 5,000 ಡಾಲರಿಗಿಂತ ಕಡಿಮೆ ಆದಾಯದ ಪೋಷಕರಿಗೆ ಕೊಡೋಣ, ಪ್ರಾಥಮಿಕ ಶಾಲೆಯ ಮಗುವಿಗೆ 50 ಡಾಲರ್, ಹೈಸ್ಕೂಲಿಗೆ 100. 1973ರಲ್ಲಿ ಅದೂ ಬಿದ್ದಿತು.

ಹೀಗಾಗಿ ಉಳಿದದ್ದು ಖಾಸಗಿ ದಾನ. ಲೆಮನ್ ತೀರ್ಪು ಬಂದ 1971ರಲ್ಲೇ ನ್ಯೂಯಾರ್ಕಿನ ಕಾರ್ಡಿನಲ್ ಟೆರೆನ್ಸ್ ಕುಕ್ ಇನ್ನರ್-ಸಿಟಿ ಸ್ಕಾಲರ್‌ಶಿಪ್ ಫಂಡ್ ಶುರು ಮಾಡಿದರು. ವಾಲ್ ಸ್ಟ್ರೀಟಿನ ಶ್ರೀಮಂತರಿಂದ ಹಣ ಎತ್ತಿ ಹಾರ್ಲೆಮ್, ಬ್ರಾಂಕ್ಸ್‌ನಂಥ ಕಡೆಯ ಮಕ್ಕಳಿಗೆ ಫೀಸು. ಕೊಡುವವರೂ ಪಡೆಯುವವರೂ ಕ್ಯಾಥೊಲಿಕ್ಕರೇ ಆಗಬೇಕೆಂದಿಲ್ಲ. 1986ರಲ್ಲಿ ಚಿಕಾಗೋದ ಕಾರ್ಡಿನಲ್ ಬರ್ನಾರ್ಡಿನ್ ಬಿಗ್ ಶೋಲ್ಡರ್ಸ್ ಫಂಡ್ ತೆರೆದರು. ಕಾರ್ಲ್ ಸ್ಯಾಂಡ್‌ಬರ್ಗ್ ಆ ಊರಿನ ಮೇಲೆ ಬರೆದ ಪದ್ಯದಿಂದ ಬಂದ ಹೆಸರು. ಎರಡೂ ಇವತ್ತಿಗೂ ನಡೆಯುತ್ತಿವೆ, ಸಾವಿರಾರು ಮಕ್ಕಳು ಓದಿದ್ದಾರೆ, ಒಳ್ಳೆಯ ಕೆಲಸವೇ.

ಆದರೆ ಇಲ್ಲಿ ಏನೋ ಒಂದು ಬದಲಾಯಿತು ಅಂತ ನನಗನ್ನಿಸುತ್ತೆ. ಮೊದಲು ಶಾಲೆಯೇ ಅಗ್ಗ. ಕೇರಿಯ ಯಾವ ಮಗುವೂ ಬಂದು ಕೂರಬಹುದಿತ್ತು, ನಿನಗೆಷ್ಟು ಬಡತನ ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಶಾಲೆ ದುಬಾರಿ, ಮಗು ಅರ್ಜಿದಾರ. ಅಪ್ಪನ ಸಂಬಳದ ಚೀಟಿ ಬೇಕು, ತೆರಿಗೆ ಪತ್ರ ಬೇಕು, ಆಯ್ಕೆ ಸಮಿತಿ ಬೇಕು. ಪಿಯುಸಿಯಲ್ಲಿ ನನಗೂ ಒಂದು ಟ್ರಸ್ಟಿನಿಂದ ಸ್ಕಾಲರ್‌ಶಿಪ್ ಸಿಕ್ಕಿತ್ತು. ಆ ಹಣದಿಂದಲೇ ಸಿಇಟಿ ಪುಸ್ತಕ ಕೊಂಡದ್ದು, ಋಣ ಇದೆ. ಆದರೆ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಮೈಕಿನಲ್ಲಿ "ತಂದೆ ಲಾರಿ ಡ್ರೈವರ್" ಅಂತ ಓದಿ, ಚೆಕ್ ಜೊತೆ ಫೋಟೋ ತೆಗೆದದ್ದೂ ನೆನಪಿದೆ. ಅಪ್ಪ ಆವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಿಸ್ಟರ್‌ಗಳ ಪುಕ್ಕಟೆ ದುಡಿಮೆಯಲ್ಲಿ ಓದಿದ ಮಕ್ಕಳಿಗೆ ಆ ಫೋಟೋ ಇರಲಿಲ್ಲ.

ಈ ಮುಜುಗರವನ್ನು ತಪ್ಪಿಸಿದ ಒಂದು ಪ್ರಯೋಗ ಇದೆ, ನನಗೆ ಬಹಳ ಇಷ್ಟವಾದದ್ದು. 1990ರ ದಶಕದಲ್ಲಿ ಚಿಕಾಗೋದ ಪಿಲ್ಸನ್ ಎಂಬ ಮೆಕ್ಸಿಕನ್ ಕೇರಿಯಲ್ಲಿ ಜೆಸ್ವಿಟ್ ಪಾದ್ರಿಗಳು ಹೈಸ್ಕೂಲು ತೆರೆಯಲು ಹೊರಟರು. ಮುಂದಾಳು ಫಾದರ್ ಜಾನ್ ಫೋಲಿ, ಪೆರು ದೇಶದಲ್ಲಿ ದಶಕಗಳ ಕಾಲ ಕೆಲಸ ಮಾಡಿದ್ದವರು. ಜನರಿಗೆ ಶಾಲೆ ಬೇಕು, ಫೀಸು ಕಟ್ಟುವ ಶಕ್ತಿ ಇಲ್ಲ. ಸಲಹೆಗೆ ಕರೆದ ರಿಚರ್ಡ್ ಮರ್ರಿ ಎಂಬುವರು ಒಂದು ಉಪಾಯ ಕೊಟ್ಟರು: ಮಕ್ಕಳೇ ದುಡಿದು ಫೀಸು ಕಟ್ಟಲಿ! ನಾಲ್ಕು ವಿದ್ಯಾರ್ಥಿಗಳು ಸೇರಿ ಒಂದು ಪೂರ್ತಿ ನೌಕರಿಯನ್ನು ಹಂಚಿಕೊಳ್ಳುವುದು. ತಿಂಗಳಿಗೆ ಒಬ್ಬೊಬ್ಬರು ಐದು ದಿನ ನಗರದ ಬ್ಯಾಂಕಿನಲ್ಲೋ ವಕೀಲರ ಆಫೀಸಿನಲ್ಲೋ ಫೈಲು, ಟಪಾಲು, ಕಂಪ್ಯೂಟರ್ ಕೆಲಸ ಮಾಡಬೇಕು. ಕಂಪನಿ ಕೊಡುವ ಹಣ ನೇರ ಶಾಲೆಗೆ. 1996ರಲ್ಲಿ ಕ್ರಿಸ್ಟೋ ರೇ ಶಾಲೆ ಶುರುವಾಯಿತು. ದುಡ್ಡು ಹೊಂದಿಸಲಿಕ್ಕೆ ಹುಟ್ಟಿದ ಐಡಿಯಾ, ಆದರೆ ಅಪ್ಪ ಅಮ್ಮ ರಾತ್ರಿ ನೆಲ ಒರೆಸಲು ಹೋಗುವಂಥ ಗಾಜಿನ ಕಟ್ಟಡಗಳಲ್ಲಿ ಮಕ್ಕಳು ಹಗಲು ಮೇಜಿನ ಮುಂದೆ ಕೂತರು. ಈಗ ಅಮೆರಿಕದ ನಗರಗಳಲ್ಲಿ ಇಂಥ ಸುಮಾರು 40 ಶಾಲೆಗಳಿವೆ. ಹದಿನಾಲ್ಕರ ಹುಡುಗಿ ಓದಲಿಕ್ಕೆ ದುಡಿಯಬೇಕಾ ಅನ್ನುವ ಪ್ರಶ್ನೆ ನನಗೂ ಇದೆ. ಆದರೂ ಯಾರ ಮುಂದೆಯೂ ಕೈ ಚಾಚಿಲ್ಲ ಅನ್ನೋದು ಸಣ್ಣ ಮಾತಲ್ಲ.

ಇನ್ನು ಎಲ್ಲರೂ ಕೂಗಾಡುವ ವೋಚರ್ ವಿಷಯ. 1990ರಲ್ಲಿ ಮಿಲ್ವಾಕಿಯಲ್ಲಿ ಶುರುವಾದದ್ದು. ಅದಕ್ಕಾಗಿ ಹೋರಾಡಿದವರು ಪಾಲಿ ವಿಲಿಯಮ್ಸ್, ಡೆಮಾಕ್ರಟಿಕ್ ಪಕ್ಷದ ಕಪ್ಪು ಶಾಸಕಿ. ಸರ್ಕಾರಿ ಶಾಲೆಗಳು ನಮ್ಮ ಮಕ್ಕಳ ಕೈಬಿಟ್ಟಿವೆ, ಆ ಹಣವನ್ನು ಬಡ ಪೋಷಕರ ಕೈಗೆ ಕೊಡಿ, ಬೇಕಾದ ಖಾಸಗಿ ಶಾಲೆಗೆ ಕಳಿಸುತ್ತಾರೆ ಅನ್ನೋದು ಅವರ ಮಾತು. ಮೊದಲ ವರ್ಷ ಏಳು ಶಾಲೆ, 350 ಮಕ್ಕಳೂ ಇಲ್ಲ, ಧಾರ್ಮಿಕ ಶಾಲೆಗಳಿಗೆ ಅವಕಾಶವೂ ಇಲ್ಲ. 1995ರಲ್ಲಿ ಕಾನೂನನ್ನು ಧಾರ್ಮಿಕ ಶಾಲೆಗಳಿಗೂ ವಿಸ್ತರಿಸಿದರು, 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಪ್ಪಿತು. 2002ರಲ್ಲಿ ಕ್ಲೀವ್‌ಲ್ಯಾಂಡಿನ ವೋಚರನ್ನು ದೇಶದ ಸುಪ್ರೀಂ ಕೋರ್ಟೇ 5-4ರಲ್ಲಿ ಎತ್ತಿಹಿಡಿಯಿತು. ಅಲ್ಲಿ ವೋಚರ್ ಪಡೆದ ಮಕ್ಕಳಲ್ಲಿ ಶೇಕಡಾ 96 ಧಾರ್ಮಿಕ ಶಾಲೆಗಳಲ್ಲಿದ್ದರು. ಹ್ಯೂಸ್ 1840ರಲ್ಲಿ ಕೇಳಿದ್ದು 162 ವರ್ಷದ ಮೇಲೆ, ಪೋಷಕರ ಕೈ ದಾಟಿಕೊಂಡು, ಬಂತು.

ಬಂದದ್ದು ಬರೀ ದುಡ್ಡಲ್ಲ. ಹಂಗರ್‌ಮನ್, ರಿಂಜ್, ಫ್ರೈಮಾರ್ಕ್ ಎಂಬ ಮೂವರು 2017ರಲ್ಲಿ ಮಿಲ್ವಾಕಿಯ ಧರ್ಮಕೇಂದ್ರಗಳ ಲೆಕ್ಕಪತ್ರ ತೆಗೆದು ನೋಡಿದರು. ವೋಚರ್ ಶಾಲೆ ನಡೆಸುವ ಧರ್ಮಕೇಂದ್ರಗಳಿಗೆ ಭಕ್ತರ ಕಾಣಿಕೆಗಿಂತ ವೋಚರಿನಿಂದಲೇ ಹೆಚ್ಚು ಹಣ ಬರುತ್ತಿತ್ತು! ಚರ್ಚು ಮುಚ್ಚದಂತೆ ಅದು ಉಳಿಸಿತು, ಆದರೆ ಭಕ್ತರು ಕೊಡೋದು ಇಳಿಯಿತು. ಪಾಲಿ ವಿಲಿಯಮ್ಸ್ ಅವರೇ ಕೊನೆಗೆ ತಿರುಗಿ ಬಿದ್ದರು. ಬಡವರಿಗೆಂದು ಮಾಡಿದ್ದರ ಆದಾಯದ ಮಿತಿಯನ್ನು ಏರಿಸುತ್ತಾ ಹೋದದ್ದು ಅವರಿಗೆ ಸರಿಬೀಳಲಿಲ್ಲ. 2014ರಲ್ಲಿ ತೀರಿಕೊಂಡರು.

ಇದರಲ್ಲಿ ಯಾವ ಪಕ್ಷ ಸರಿ ಅಂತ ನನ್ನನ್ನು ಕೇಳಬೇಡಿ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರನ್ನೇ ನೋಡಿ. ಸೋನಿಯಾ ಸೊಟೊಮಯೊರ್ ಬ್ರಾಂಕ್ಸಿನ ಪೋರ್ಟೊ ರಿಕನ್ ಮನೆಯವರು. ಒಂಬತ್ತು ವರ್ಷಕ್ಕೆ ಅಪ್ಪ ಹೋದರು, ನರ್ಸ್ ಆಗಿದ್ದ ಅಮ್ಮ ದುಡಿದು ಬ್ಲೆಸ್ಡ್ ಸ್ಯಾಕ್ರಮೆಂಟ್ ಶಾಲೆಗೆ, ಆಮೇಲೆ ಕಾರ್ಡಿನಲ್ ಸ್ಪೆಲ್‌ಮನ್ ಹೈಸ್ಕೂಲಿಗೆ ಕಳಿಸಿದರು. ಕ್ಲಾರೆನ್ಸ್ ಥಾಮಸ್ ಜಾರ್ಜಿಯಾದ ಕಡುಬಡ ಕಪ್ಪು ಹುಡುಗ. ತಾತ ಸವಾನಾದಲ್ಲಿ ಮನೆಮನೆಗೆ ಎಣ್ಣೆ ಮಾರಿ ಕ್ಯಾಥೊಲಿಕ್ ಶಾಲೆಗೆ ಸೇರಿಸಿದರು, ಪಾಠ ಹೇಳಿದವರು ಫ್ರಾನ್ಸಿಸ್ಕನ್ ಸಿಸ್ಟರ್‌ಗಳು. ಇಬ್ಬರೂ ಅಂಥ ಶಾಲೆಯಿಂದಲೇ ಮೇಲೆ ಬಂದವರು. 2020ರಲ್ಲಿ ಮಾಂಟಾನಾ, 2022ರಲ್ಲಿ ಮೇನ್ ರಾಜ್ಯದ ಪ್ರಕರಣಗಳು ಬಂದಾಗ, ಖಾಸಗಿ ಶಾಲೆಗೆ ನೆರವು ಕೊಡುವ ರಾಜ್ಯ ಧಾರ್ಮಿಕ ಶಾಲೆಯನ್ನು ಹೊರಗಿಡುವಂತಿಲ್ಲ ಅಂದ ಬಹುಮತದಲ್ಲಿ ಥಾಮಸ್ ಇದ್ದರು. ಸೊಟೊಮಯೊರ್ ಎರಡರಲ್ಲೂ ಭಿನ್ನಮತ ಬರೆದರು. ಅವರು ಓದಿದ ಬ್ಲೆಸ್ಡ್ ಸ್ಯಾಕ್ರಮೆಂಟ್ ಶಾಲೆ ಅಷ್ಟರಲ್ಲಾಗಲೇ, 2013ರಲ್ಲಿ, ಮುಚ್ಚಿಹೋಗಿತ್ತು.

ವೋಚರು, ಫಂಡು ಎಲ್ಲ ಬಂದ ಮೇಲೂ ಮುಚ್ಚೋದು ನಿಲ್ಲಲಿಲ್ಲ. ಸರ್ಕಾರದ ಹಣದಲ್ಲೇ ನಡೆಯುವ ಚಾರ್ಟರ್ ಶಾಲೆಗಳು ಪಕ್ಕದಲ್ಲೇ ಪುಕ್ಕಟೆ ತೆರೆದವು. 2008ರಲ್ಲಿ ವಾಷಿಂಗ್ಟನ್ನಿನಲ್ಲಿ ಏಳು ಕ್ಯಾಥೊಲಿಕ್ ಶಾಲೆಗಳು ಶಿಲುಬೆ ಇಳಿಸಿ ತಾವೇ ಚಾರ್ಟರ್ ಆದವು. ಕೊರೋನಾ ಬಂದ 2020ರಲ್ಲಿ ದೇಶದಾದ್ಯಂತ 200ಕ್ಕೂ ಹೆಚ್ಚು ಮುಚ್ಚಿದವು. 2025ರ ಜುಲೈನಲ್ಲಿ ಸಹಿಯಾದ ಕಾನೂನಿನ ಪ್ರಕಾರ, 2027ರಿಂದ ಸ್ಕಾಲರ್‌ಶಿಪ್ ಸಂಸ್ಥೆಗೆ ದಾನ ಕೊಟ್ಟವರಿಗೆ 1,700 ಡಾಲರ್ ತನಕ ಕೇಂದ್ರದ ತೆರಿಗೆಯಲ್ಲಿ ಅಷ್ಟಕ್ಕಷ್ಟೂ ಕಡಿತ, ರಾಜ್ಯ ಒಪ್ಪಿದ ಕಡೆ ಮಾತ್ರ.

ಅಂದ ಹಾಗೆ, ಆ ಸಿಸ್ಟರ್‌ಗಳು ಏನಾದರು? ಸಂಬಳವೇ ಇಲ್ಲದವರಿಗೆ ಪಿಂಚಣಿ ಎಲ್ಲಿಂದ? ಬಡತನದ ವ್ರತ ಹಿಡಿದವರನ್ನು ಅಮೆರಿಕದ ಸೋಷಿಯಲ್ ಸೆಕ್ಯುರಿಟಿಗೆ ಸೇರಿಸಿಕೊಳ್ಳಲು ದಾರಿ ಮಾಡಿದ್ದೇ 1972ರಲ್ಲಿ. ಕಾಗದದ ಮೇಲೆ ಅವರ ದುಡಿಮೆಯ ಬೆಲೆ ಅಷ್ಟು ಕಡಿಮೆ ಇದ್ದದ್ದರಿಂದ ಬರುವ ಹಣವೂ ಕಡಿಮೆ. ಮೊದಲೆಲ್ಲ ಮುದುಕಿ ಸಿಸ್ಟರನ್ನು ಸಾಕುತ್ತಿದ್ದದ್ದು ಹೊಸ ಸಿಸ್ಟರ್‌ಗಳ ದುಡಿಮೆ, ಈಗ ಹೊಸಬರೇ ಇಲ್ಲ. 1980ರ ದಶಕದಲ್ಲಿ ಸಂಘಗಳು ಲೆಕ್ಕ ಹಾಕಿ ನೋಡಿದಾಗ ನೂರಾರು ಕೋಟಿ ಡಾಲರುಗಳ ಕೊರತೆ ಕಂಡಿತು. ಎಷ್ಟೋ ತಾಯಿಮನೆಗಳನ್ನು ಮಾರಿದರು. 1988ರಿಂದ ಅಮೆರಿಕದ ಚರ್ಚುಗಳಲ್ಲಿ ವರ್ಷಕ್ಕೊಂದು ಸಲ ಇವರಿಗಾಗಿಯೇ ಕಾಣಿಕೆ ಎತ್ತುತ್ತಾರೆ. ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಒಂದೆರಡು ವಾರ ಮುಂಚೆ, ಅದೇ ಭಾನುವಾರದ ತಟ್ಟೆಯಲ್ಲಿ.